ಮೋಟಾರು ಮೊದಲು, ಮಿಕ್ಸಿ ಕೊನೆಗೆ: ನಿಮ್ಮ ಮನೆಗೆ ಯಾವ್ಯಾವುದು ಯಾವ ಸಾಲಲ್ಲಿ ಬಂತು?

ಶಿರಾಗೇಟ್ ಅಕ್ಕ

ಎಲ್ರಿಗೂ ನಮಸ್ಕಾರ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯೋರು ಇಲ್ಲಿ ತುಂಬಾ ಜನ ಇದ್ದೀರ, ಅದಕ್ಕೇ ಕೇಳ್ತಿದೀನಿ. ಹಳೇ ಕಾಲದ ಮಾತು ಬಂದ್ರೆ ಎಲ್ರೂ ಟಿವಿ ಬಂದ ಕತೆನೇ ಹೇಳ್ತಾರೆ, ಊರಿಗೆಲ್ಲ ಒಂದೇ ಟಿವಿ, ಒಬ್ಬ ಮೇಲೆ ಹತ್ತಿ ಆಂಟೆನಾ ತಿರುಗಿಸ್ತಿದ್ದ, ಕೆಳಗಿಂದ ಬಂತು ಬಂತು ಅಂತ ಕೂಗ್ತಿದ್ವಿ, ಅದೆಲ್ಲ ಎಲ್ರಿಗೂ ಗೊತ್ತು. ನಂಗೆ ಬೇಕಿರೋದು ಸಾಲು. ಯಾವ ಸಾಮಾನು ಮೊದಲು ಬಂತು, ಯಾವುದು ಕೊನೆಗೆ ಬಂತು, ಅದರಿಂದ ಮೊದಲು ಯಾರ ಕೆಲಸ ಕಮ್ಮಿ ಆಯ್ತು.

ನಮ್ಮದು ಮಧುಗಿರಿ ತಾಲ್ಲೂಕು. ನಮ್ಮನೆ ಸಾಲು ಹೇಳ್ತೀನಿ. ಮೊದಲು ಸೆಲ್ ಹಾಕೋ ರೇಡಿಯೋ. ಆಮೇಲೆ ತೋಟದ ಬಾವಿಗೆ ಐದು ಎಚ್‌ಪಿ ಮೋಟಾರು. ಆಮೇಲೆ ಮನೆಗೆ ಲೈಟು, ನಡುಮನೆಗೊಂದು ಜಗಲಿಗೊಂದು, ಅಡುಗೆಮನೆಗೆ ಇಲ್ಲ. ಆಮೇಲೆ ಗಾಡಿ. ಆಮೇಲೆ ಬ್ಲ್ಯಾಕ್ ಅಂಡ್ ವೈಟ್ ಟಿವಿ. ಅದೆಲ್ಲ ಆದ್ಮೇಲೆ ಮಿಕ್ಸಿ, ಕೊನೆಗೆ ಗ್ಯಾಸು. ಅಂದ್ರೆ ನಮ್ಮಪ್ಪ ಕಪಿಲೆ ಹೊಡೆಯೋದು (ಎತ್ತು ಕಟ್ಟಿ ಬಾವಿ ನೀರು ಎತ್ತೋದು) ನಿಲ್ಲಿಸಿ ಎಷ್ಟೋ ವರ್ಷ ಆಗಿದ್ರೂ ನಮ್ಮಮ್ಮ ಅದೇ ಒರಳುಕಲ್ಲಲ್ಲಿ ರುಬ್ತಿದ್ಲು, ಅದೇ ಊದುಗೊಳವಿ ಹಿಡಿದು ಹೊಗೇಲಿ ಕೂತಿರ್ತಿದ್ಲು. ಅಪ್ಪ ಕೆಟ್ಟೋರಲ್ಲ, ಅಮ್ಮನ ಮೇಲೆ ಪ್ರೀತಿ ಇಲ್ಲ ಅಂತಾನೂ ಅಲ್ಲ. ಕಡಲೆಕಾಯಿ ಮಾರಿ ದುಡ್ಡು ಬಂದಾಗ ಈ ಸಲ ಏನು ತರೋಣ ಅಂತ ಮಾತು ನಡೀತಿದ್ದಿದ್ದು ಜಗಲಿ ಮೇಲೆ. ಆ ಹೊತ್ತಿಗೆ ಅಮ್ಮ ಒಲೆ ಮುಂದೆ ಇರ್ತಿದ್ಲು. ಅಷ್ಟೇ ಕಾರಣ ಅಂತ ನಂಗನ್ಸುತ್ತೆ.

ನಿಮ್ಮ ಮನೆ ಸಾಲು ಹೇಳಿ.

ಬಂಗಾರಪೇಟೆ ಜಂಕ್ಷನ್

ಅಕ್ಕಾ, ಒಳ್ಳೇ ಪ್ರಶ್ನೆ ಕೇಳಿದ್ದೀರ. ಸಾಲಿನ ವಿಷಯಕ್ಕೆ ನಮ್ಮ ಕಡೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ಕರೆಂಟ್ ತೆಗೆದ್ರಲ್ಲ, ಅದು ಮೊದಲು ಹೋಗಿದ್ದು ಬೆಂಗಳೂರಿಗಲ್ಲ, ಮೈಸೂರಿಗೂ ಅಲ್ಲ, ನಮ್ಮ ಕೆಜಿಎಫ್ ಚಿನ್ನದ ಗಣಿಗೆ. ಹೆಚ್ಚುಕಮ್ಮಿ 150 ಕಿಲೋಮೀಟರ್ ತಂತಿ ಎಳೆದು ತಂದ್ರು, ಆ ಕಾಲಕ್ಕೆ ಅಷ್ಟು ದೂರ ಕರೆಂಟ್ ಸಾಗಿಸೋದು ಅಂದ್ರೆ ಪ್ರಪಂಚದಲ್ಲೇ ದೊಡ್ಡ ವಿಷಯ. ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದಿದ್ದು 1905ರಲ್ಲಿ, ಮೂರು ವರ್ಷ ಆದ್ಮೇಲೆ. ಯಾಕೆ ಅಂದ್ರೆ ಗಣಿಯೋರಿಗೆ ಸ್ಟೀಮ್ ಎಂಜಿನ್ನಿಗೆ ಕಲ್ಲಿದ್ದಲು ತರ್ಸೋದು ಭಾರೀ ಖರ್ಚಿನ ಬಾಬ್ತು, ಕರೆಂಟ್ ಕೊಟ್ರೆ ಕೊಂಡುಕೊಳ್ಳೋಕೆ ರೆಡಿ ಇದ್ರು, ದಿವಾನ್ ಶೇಷಾದ್ರಿ ಅಯ್ಯರ್ ಅವರು ಆ ಲೆಕ್ಕ ಹಿಡಿದೇ ಯೋಜನೆ ಮಾಡ್ಸಿದ್ರು.

ಈಗ ನಮ್ಮ ಹಳ್ಳಿ ಕಡೆ ನೋಡಿ. ರಾತ್ರಿ ಹೊತ್ತು ಬಯಲಿಗೆ ಬಂದು ನಿಂತ್ರೆ ಗಣಿ ಕಡೆ ಆಕಾಶ ಬೆಳ್ಳಗೆ ಕಾಣ್ತಿತ್ತು. ನಮ್ಮಜ್ಜಿ ಸೀಮೆಎಣ್ಣೆ ಬುಡ್ಡಿ ಹಚ್ಕೊಂಡು ರಾಗಿ ಬೀಸ್ತಿತ್ತು. ಅಲ್ಲಿ ಅದಿರು ಕಲ್ಲು ಪುಡಿ ಮಾಡೋಕೆ ಕರೆಂಟು, ಇಲ್ಲಿ ರಾಗಿ ಪುಡಿ ಮಾಡೋಕೆ ಹೆಂಗಸರ ತೋಳು, ಮಧ್ಯ ಇದ್ದಿದ್ದು ಕೆಲವೇ ಮೈಲಿ. ನಮ್ಮೂರ ಮನೆಗಳಿಗೆ ಲೈಟ್ ಬಂದಿದ್ದು ನಾನು ಸ್ಕೂಲಿಗೆ ಸೇರಿದ್ಮೇಲೆ, 70ರ ದಶಕದಲ್ಲಿ. 2001ರಲ್ಲಿ ಗಣಿ ಮುಚ್ಚಿದಾಗ ನಮ್ಮ ಕಡೆ ಎಷ್ಟೋ ಮನೇಲಿ ಇನ್ನೂ ಸೌದೆ ಒಲೆನೇ ಇತ್ತು.

ಕುಣಿಗಲ್ ಕಡೆಯೋನು

ರಾಗಿ ಬೀಸೋ ಮಾತು ಬಂತಲ್ಲ, ಅದನ್ನ ನೋಡ್ದೇ ಇರೋರಿಗೆ ಸ್ವಲ್ಪ ಹೇಳ್ಬೇಕು. ಬೀಸೋಕಲ್ಲು ಅಂದ್ರೆ ಎರಡು ದುಂಡಗಿನ ಕಲ್ಲು, ಕೆಳಗಿಂದು ಅಲ್ಲಾಡಲ್ಲ, ಮೇಲಿಂದಕ್ಕೆ ಮರದ ಗೂಟ, ನಡುವೆ ಬಾಯಿ. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು ತಿರುಗಿಸಬೇಕು, ಒಬ್ಬರು ಇನ್ನೊಂದು ಕೈಲಿ ಹಿಡಿ ಹಿಡಿ ರಾಗಿ ಬಾಯಿಗೆ ಹಾಕ್ತಾ ಇರಬೇಕು. ಜಾಸ್ತಿ ಹಾಕಿದ್ರೆ ನುಚ್ಚಾಗುತ್ತೆ, ಕಮ್ಮಿ ಹಾಕಿದ್ರೆ ಕಲ್ಲು ಕಲ್ಲು ಉಜ್ಜಿ ಹಿಟ್ಟಲ್ಲಿ ಮರಳು ಬರುತ್ತೆ. ಕೋಳಿ ಕೂಗೋ ಹೊತ್ತಿಗೆ ಶುರು ಮಾಡಿದ್ರೆ ಮಾತ್ರ ಆ ಹೊತ್ತಿನ ಮುದ್ದೆಗೆ ಹಿಟ್ಟು ಆಗ್ತಿತ್ತು. ಬೀಸುವಾಗ ಪದ ಹಾಡ್ತಿದ್ರು, ಆ ಪದಗಳನ್ನ ಈಗ ಸ್ಟೇಜ್ ಮೇಲೆ ಹಾಡಿ ಚಪ್ಪಾಳೆ ತಗೋತಾರೆ, ಕೇಳೋಕೆ ಚೆಂದ, ಆದ್ರೆ ನಮ್ಮಮ್ಮನ್ನ ಕೇಳಿದ್ರೆ ಹಾಡ್ತಿದ್ದಿದ್ದು ನಿದ್ದೆ ಬರಬಾರದು ಅಂತ, ಇಬ್ಬರ ಕೈ ಒಂದೇ ಗತ್ತಿಗೆ ತಿರುಗಲಿ ಅಂತ ಅಂತಾರೆ.

ಹಂಗಾಗಿ ನನ್ನ ಪ್ರಕಾರ ನಮ್ಮ ಕಡೆ ಹೆಂಗಸರಿಗೆ ಮೊದಲ ಬಿಡುಗಡೆ ಸಿಕ್ಕಿದ್ದು ಮನೆಯೊಳಗೆ ಬಂದ ಯಾವ ಸಾಮಾನಿಂದಲೂ ಅಲ್ಲ, ಊರಿಗೆ ಬಂದ ಹಿಟ್ಟಿನ ಮಿಲ್ಲಿಂದ. ಮೊದಲು ಆಯಿಲ್ ಎಂಜಿನ್ನಲ್ಲಿ ಓಡ್ತಿತ್ತು, ಆಮೇಲೆ ಕರೆಂಟ್ ಮೋಟಾರು. ತಲೆ ಮೇಲೆ ರಾಗಿ ಹೊತ್ಕೊಂಡು ಇನ್ನೊಂದು ಊರಿಗೆ ನಡ್ಕೊಂಡು ಹೋಗಿ ಸರದಿ ಕಾದು ಬೀಸಿಸ್ಕೊಂಡು ಬರ್ತಿದ್ರೂ ಅದು ಹಬ್ಬ ಅವರಿಗೆ. ಮಿಲ್ಲಿಂದ ಬಂದ ಹಿಟ್ಟು ಬಿಸಿ ಇರುತ್ತೆ, ಹಂಗೇ ಮುಚ್ಚಿಟ್ರೆ ಮುಗ್ಗಲು ಬರುತ್ತೆ ಅಂತ ಬಟ್ಟೆ ಮೇಲೆ ಹರಡಿ ಆರಿಸ್ತಿದ್ರು, ಆ ವಾಸನೆ ಇಡೀ ಮನೆ ತುಂಬ್ಕೊಳ್ತಿತ್ತು. ನಮ್ಮ ತಾತ ಮಾತ್ರ ಮಿಲ್ಲಿನ ಹಿಟ್ಟಿನ ಮುದ್ದೆಗೆ ರುಚಿ ಇಲ್ಲ ಅಂತ ಸುಮಾರು ದಿನ ಗೊಣಗ್ತಿದ್ರಂತೆ.

ಚಿಂತಾಮಣಿ

ರುಚಿ ಇಲ್ಲ!! ಇದನ್ನ ಹೇಳದೇ ಇರೋ ಮನೆ ಇದ್ಯಾ? ಮಿಲ್ಲು ಬಂದಾಗ ಮುದ್ದೆಗೆ ರುಚಿ ಇಲ್ಲ, ಮಿಕ್ಸಿ ಬಂದಾಗ ಚಟ್ನಿಗೆ ರುಚಿ ಇಲ್ಲ, ಗ್ಯಾಸ್ ಬಂದಾಗ ಸಾರಿಗೆ ರುಚಿ ಇಲ್ಲ, ಕುಕ್ಕರ್ ಬಂದಾಗ ಅನ್ನಕ್ಕೆ ರುಚಿ ಇಲ್ಲ. ನಾನು ಸೊಸೆಯಾಗಿ ಬಂದಾಗ ತವರಿಂದ ಮಿಕ್ಸಿ ಕೊಟ್ಟು ಕಳ್ಸಿದ್ರು, ಅದು ಡಬ್ಬದ ಸಮೇತ ಅಟ್ಟದ ಮೇಲೆ ಹೋಯ್ತು. ಮಾವನವರಿಗೆ ಒರಳಲ್ಲಿ ರುಬ್ಬಿದ ಹುಚ್ಚೆಳ್ಳು ಚಟ್ನಿನೇ ಆಗಬೇಕು. ರುಬ್ಬೋದು ನಾನು. ಬೆಳಗ್ಗೆ ಚಟ್ನಿ, ಮಧ್ಯಾಹ್ನ ಖಾರ, ರಾತ್ರಿ ದೋಸೆಗೆ ನೆನೆಹಾಕಿದ್ದು, ಹೊಟ್ಟೇಲಿ ಮಗು ಇದ್ದಾಗಲೂ ಅದೇ. ರುಚಿ ವ್ಯತ್ಯಾಸ ಇಲ್ಲ ಅಂತ ನಾನು ಹೇಳಲ್ಲ. ಇದೆ, ಒರಳಲ್ಲಿ ಜಜ್ಜಿ ಅರೆಯುತ್ತೆ, ಮಿಕ್ಸಿ ಬ್ಲೇಡಲ್ಲಿ ಕತ್ತರಿಸುತ್ತೆ, ಬಿಸಿನೂ ಆಗುತ್ತೆ, ಹಂಗಾಗಿ ಬೇರೆ ಥರ ಇರುತ್ತೆ. ಆದ್ರೆ ಆ ರುಚಿಗೆ ತೋಳು ಕೊಡ್ತಿದ್ದೋರು ಒಬ್ಬರು, ತಿಂದು ತೀರ್ಪು ಹೇಳ್ತಿದ್ದೋರು ಇನ್ನೊಬ್ಬರು. ನಮ್ಮತ್ತೆಗೆ ಮಂಡಿ ನೋವು ಬಂದು, ನಾನು ಬಾಣಂತನಕ್ಕೆ ಊರಿಗೆ ಹೋದಾಗ, ಮಾವನವರೇ ಅಟ್ಟದಿಂದ ಮಿಕ್ಸಿ ಇಳಿಸಿದ್ರು.

ಶಿರಾಗೇಟ್ ಅಕ್ಕನ ಒಂದು ಮಾತು ಮಾತ್ರ ನಾನು ಒಪ್ಪಲ್ಲ. ಟಿವಿನ ಗಂಡಸರ ಸಾಮಾನು ಅನ್ನೋ ಹಂಗೆ ಬರೆದಿದ್ದೀರ. ನಮ್ಮತ್ತೆ ಥರದೋರು ಬೇರೆಯೋರ ಮನೆ ನಡುಮನೇಲಿ ಗಂಡಸರ ಜೊತೆ ಒಂದೇ ಹೊತ್ತಲ್ಲಿ ಸುಮ್ನೆ ಕೂತಿದ್ದು ಅಂತ ಇದ್ರೆ ಅದು ಭಾನುವಾರ ಬೆಳಗ್ಗೆ ಟಿವಿ ಮುಂದೆ. ಕೈಯಲ್ಲಿ ಅವರೆಕಾಯಿ ಬಿಡಿಸೋ ಕೆಲಸ ಇರ್ತಿತ್ತು ಅನ್ನಿ, ಆದ್ರೂ ಕೂತಿದ್ರಲ್ಲ.

ಶಿರಾಗೇಟ್ ಅಕ್ಕ

@ಚಿಂತಾಮಣಿ ಅದು ನಿಜ ಕಣ್ರೀ, ಟಿವಿ ಬಗ್ಗೆ ನಂಗೆ ಕೋಪ ಇಲ್ಲ. ನಾನು ಕೇಳ್ತಿರೋದು ಟಿವಿ ಮೊದಲು ಯಾಕೆ, ಗ್ಯಾಸ್ ಆಮೇಲೆ ಯಾಕೆ ಅನ್ನೋದು. ಅವರೆಕಾಯಿ ಬಿಡಿಸ್ತಾ ನೋಡಿದ್ರು ಅಂತ ನೀವೇ ಹೇಳ್ತಿದ್ದೀರಲ್ಲ.

ಹಳೇ ಲೈನ್‌ಮನ್

ನಾನು ಕೆಇಬಿ (ಕರ್ನಾಟಕ ವಿದ್ಯುತ್ ಮಂಡಳಿ) ಕಾಲದಲ್ಲಿ ಸೇರಿದೋನು, ಗೌರಿಬಿದನೂರು ಚಿಕ್ಕಬಳ್ಳಾಪುರ ಕಡೆನೇ ಸರ್ವಿಸ್. 1999ರಲ್ಲಿ ಅದು ಕೆಪಿಟಿಸಿಎಲ್ ಆಯ್ತು, 2002ರಲ್ಲಿ ನಮ್ಮ ಕಡೆ ಕರೆಂಟ್ ಹಂಚೋ ಕೆಲಸ ಬೆಸ್ಕಾಂಗೆ ಹೋಯ್ತು, ಜನ ಇವತ್ತಿಗೂ ಕರೆಂಟ್ ಹೋದ್ರೆ ಕೆಇಬಿಗೆ ಫೋನ್ ಮಾಡು ಅಂತಾರೆ. ಸಾಲಿನ ವಿಷಯಕ್ಕೆ ಸ್ವಲ್ಪ ಟೆಕ್ನಿಕಲ್ ಆಗಿ ಹೇಳ್ತೀನಿ, ಯಾಕಂದ್ರೆ ಎಲ್ಲಾ ತಪ್ಪೂ ಯಜಮಾನರ ಮೇಲೆ ಹಾಕೋಕಾಗಲ್ಲ.

ಹಳ್ಳಿಗೆ ಲೈನ್ ಎಳೆಯೋಕೆ ಖರ್ಚು ಜಾಸ್ತಿ, ಅದಕ್ಕೆ ತಕ್ಕ ಲೋಡು, ಅಂದ್ರೆ ಕರೆಂಟ್ ಬಳಕೆ, ಬೇಕಲ್ಲ. ಬರೀ ಮನೆ ಬಲ್ಬುಗಳಿಂದ ಆ ಲೋಡು ಬರ್ತಿರಲಿಲ್ಲ. ಪಂಪ್‌ಸೆಟ್ ಇದ್ರೆ ಲೋಡು. ಆಹಾರ ಬೆಳೀಬೇಕು ಅನ್ನೋ ಒತ್ತಡನೂ ಸರ್ಕಾರಕ್ಕೆ ಇತ್ತು. ಅದಕ್ಕೆ ಎಷ್ಟೋ ಕಡೆ ಬಾವಿಗೆ ಮೊದಲು, ಮನೆಗೆ ಆಮೇಲೆ. ಮನೆಗೆ ಬಂದ್ರೂ ದುಡ್ಡಿದ್ದೋರಿಗೆ ಮೊದಲು. ಬಡವರ ಮನೆಗೆ ನಾವು ಕರೆಂಟ್ ಕೊಟ್ಟಿದ್ದು ಭಾಗ್ಯಜ್ಯೋತಿ ಯೋಜನೆ ಬಂದ್ಮೇಲೆ, 1979-80ರಿಂದ ಈಚೆಗೆ, ಒಂದು ಮನೆಗೆ ಒಂದೇ ಪಾಯಿಂಟು, 40 ವ್ಯಾಟಿನ ಒಂದು ಬಲ್ಬು. ಆ ಒಂದು ಬಲ್ಬ್ ಎಲ್ಲಿ ಹಾಕೋಣಮ್ಮ ಅಂತ ನಾನು ಕೇಳ್ತಿದ್ದೆ. ಒಂದೇ ಕೋಣೆ ಮನೆ ಆದ್ರೆ ತೊಂದರೆ ಇಲ್ಲ. ಎರಡು ಕೋಣೆ ಇದ್ರೆ ಮಧ್ಯದ ಗೋಡೇಲಿ ಮೇಲ್ಗಡೆ ಒಂದು ಇಟ್ಟಿಗೆ ತೆಗೆದು ಆ ಕಿಂಡೀಲಿ ಬಲ್ಬ್ ಹಾಕಿಸ್ಕೊಳ್ಳೋರು, ಎರಡೂ ಕಡೆ ಬೆಳಕು ಬೀಳಲಿ ಅಂತ. ಆ ಕಿಂಡಿ ಯೋಚ್ನೆ ಹೇಳ್ತಿದ್ದಿದ್ದು ಯಾವಾಗಲೂ ಹೆಂಗಸರೇ.

ಇನ್ನು ಮಿಕ್ಸಿ ಲೇಟ್ ಆಗಿದ್ದಕ್ಕೆ ವೋಲ್ಟೇಜೂ ಒಂದು ಕಾರಣ. ಒಂದು ಟ್ರಾನ್ಸ್‌ಫಾರ್ಮರಿಗೆ ಹತ್ತಾರು ಮೋಟಾರು, ಅದರ ಬಾಲದಲ್ಲಿ ಊರು. ಬೇಸಿಗೇಲಿ ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಬಂದ ಕೂಡ್ಲೇ ಎಲ್ರೂ ಒಟ್ಟಿಗೆ ಮೋಟಾರ್ ಹಾಕ್ತಾರೆ, 230 ಇರಬೇಕಾದ ವೋಲ್ಟೇಜು ಊರೊಳಗೆ ತೀರಾ ಇಳಿದುಹೋಗುತ್ತೆ, ಟ್ಯೂಬ್‌ಲೈಟ್ ಹತ್ತಲ್ಲ, ಮಿಕ್ಸಿ ಗುರ್ ಅಂತ ನಿಂತುಬಿಡುತ್ತೆ, ಬಲವಂತ ಮಾಡಿದ್ರೆ ಕಾಯಿಲ್ ಸುಟ್ಟು ವಾಸನೆ ಬರುತ್ತೆ. ಬರೀ ಮನೆ ಲೈಟಿಗೆ ಅಂತ ಸಿಂಗಲ್ ಫೇಸ್ ಕೊಟ್ಟಾಗ ಕೆಲವರು ಕೆಪಾಸಿಟರ್ ಹಾಕಿ ಅದರಲ್ಲೂ ಮೋಟಾರ್ ಓಡಿಸೋರು, ಆಗಂತೂ ಊರಿನ ಬಲ್ಬುಗಳು ಕೆಂಡದ ಥರ ಆಗೋವು. ನಿರಂತರ ಜ್ಯೋತಿ ಅಂತ ಊರಿಗೇ ಬೇರೆ, ತೋಟಕ್ಕೇ ಬೇರೆ ಲೈನ್ ಎಳೆದ ಮೇಲೆ ಮನೆಯೊಳಗಿನ ಮಿಷನ್ನುಗಳಿಗೆ ನೆಟ್ಟಗೆ ಕರೆಂಟ್ ಸಿಕ್ಕಿದ್ದು. ಅದು ಈಚಿನ ಮಾತು.

ಶಿಡ್ಲಘಟ್ಟ ಹುಳದ ಮನೆ

ಲೈನ್‌ಮನ್ ಸಾರ್, ನಮ್ಮನೇಲಿ ಮೊದಲ ಬಲ್ಬ್ ಹಾಕಿದ್ದು ಎಲ್ಲಿ ಗೊತ್ತಾ? ಹುಳ ಸಾಕೋ ಕೋಣೆಗೆ. ಮನುಷ್ಯರಿಗಲ್ಲ, ರೇಷ್ಮೆ ಹುಳಕ್ಕೆ. ಬುಡ್ಡಿ ಹೊಗೆ, ಸೀಮೆಎಣ್ಣೆ ವಾಸನೆ ಹುಳಕ್ಕೆ ಆಗಲ್ಲ, ರಾತ್ರಿ ಎದ್ದು ಸೊಪ್ಪು ಹಾಕಬೇಕು, ನಾಲ್ಕನೇ ಜ್ವರ (ಹುಳ ಪೊರೆ ಬಿಡೋದು) ಎದ್ದ ಮೇಲಂತೂ ಎಷ್ಟು ಹಾಕಿದ್ರೂ ಸಾಲಲ್ಲ, ಹಂಗಾಗಿ ಆ ಕೋಣೆಗೆ ಬಲ್ಬು. ಸೊಪ್ಪು ಹಾಕೋದು ನಮ್ಮಮ್ಮ, ಅಕ್ಕಂದಿರು. ಅದೇ ಬೆಳಕಲ್ಲಿ ನಾವು ಹುಳ ಗೂಡು ಕಟ್ಟೋ ಬಿದಿರಿನ ಚಂದ್ರಿಕೆ ಪಕ್ಕ ಕೂತು ಓದ್ತಿದ್ವಿ. ಎಸ್ಸೆಸ್ಸೆಲ್ಸಿ ನಾನು ಪಾಸಾಗಿದ್ದು ಆ ಬಲ್ಬಲ್ಲೇ.

ಹುಳ ಹಣ್ಣಾಗಿ, ಗೂಡು ಮಾರ್ಕೆಟ್ಟಿಗೆ ಹೋಗಿ ದುಡ್ಡು ತರೋದು ಅಪ್ಪ. ಅಲ್ಲಿಂದ ಬರ್ತಾ ಟೇಪ್‌ರೆಕಾರ್ಡರ್ ಬಂತು ಒಂದ್ಸಲ. ಅಮ್ಮ ಏನೂ ಅನ್ನಲಿಲ್ಲ.

ಪಾವಗಡ

ಎಲ್ರೂ ಕರೆಂಟ್ ಸಾಮಾನೇ ಹೇಳ್ತಿದ್ದೀರ. ನಮ್ಮ ಕಡೆ ಬಂದು ಕೇಳಿ, ಹೆಂಗಸರು ಮೊದಲು ಹೇಳೋದು ಪ್ಲಾಸ್ಟಿಕ್ ಬಿಂದಿಗೆ. ನಗಬೇಡಿ. ನಮ್ಮಮ್ಮ ಹಿತ್ತಾಳೆ ಬಿಂದಿಗೇಲಿ ನೀರು ಹೊತ್ತೋಳು, ಖಾಲಿ ಬಿಂದಿಗೆನೇ ಭಾರ, ನೀರು ತುಂಬಿದ್ರೆ ಸೊಂಟ ಇಳಿದುಹೋಗೋದು. ಮಣ್ಣಿನ ಕೊಡ ಆದ್ರೆ ಹಗುರ, ಆದ್ರೆ ಬೋರ್‌ವೆಲ್ ಕಟ್ಟೆಗೆ ಒಂಚೂರು ತಾಗಿದ್ರೆ ಒಡೆದುಹೋಗುತ್ತೆ, ಮನೇಲಿ ಬೈಗುಳ. ಆ ಬಣ್ಣ ಬಣ್ಣದ ಪ್ಲಾಸ್ಟಿಕ್ ಬಿಂದಿಗೆ ಸಂತೆಗೆ ಬಂದಾಗ ಹಳೇ ಹಿತ್ತಾಳೆ ಕೊಟ್ಟು ತಗೊಂಡೋರಿದ್ದಾರೆ. ಹುಡುಗೀರು ಎರಡು ಬಿಂದಿಗೆ ಹೊರೋಕೆ ಆಯ್ತು, ಸೈಕಲ್ಲಿಗೆ ಕಟ್ಟೋಕೆ ಆಯ್ತು, ಸೈಕಲ್ಲಿಗೆ ಕಟ್ಟೋ ಹಂಗಾದ ಮೇಲೆ ಗಂಡಸರೂ ನೀರಿಗೆ ಹೋಗೋಕೆ ಶುರು ಮಾಡಿದ್ರು!! ಇದನ್ನ ಯಾರೂ ಬರೆಯಲ್ಲ. ತಲೆ ಮೇಲೆ ಸೊಂಟದ ಮೇಲೆ ಹೊರೋ ತನಕ ಅದು ಹೆಂಗಸರ ಕೆಲಸ, ಸೈಕಲ್ಲು ಆಮೇಲೆ ಟಿವಿಎಸ್ಸು ಬಂದ್ಮೇಲೆ ಗಂಡಸರ ಕೆಲಸ.

ಆದ್ರೆ ಏನು ಹೊತ್ತು ಏನು ಬಂತು, ನಮ್ಮ ಬೋರ್ ನೀರಲ್ಲಿ ಫ್ಲೋರೈಡು. ಹಲ್ಲು ಹಳದಿ, ವಯಸ್ಸಾಗೋಕೆ ಮುಂಚೆ ಮೂಳೆ ನೋವು, ಬೆನ್ನು ಬಗ್ಗಿದೋರು. ಬೋರ್ ಆಳ ಹೋದಂಗೆಲ್ಲ ಇನ್ನೂ ಜಾಸ್ತಿ. ಕಾಯಿಸಿ ಕುಡೀರಿ ಅಂತ ಯಾರೋ ಹೇಳೋರು, ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಉಳಿದಿದ್ದರಲ್ಲಿ ಇನ್ನೂ ಹೆಚ್ಚೇ ಆಗುತ್ತೆ. ಶುದ್ಧ ನೀರಿನ ಘಟಕ ಬಂದ್ಮೇಲೆ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತುಂಬಿಸ್ಕೊಳ್ಳೋದು. ಬಾಗೇಪಲ್ಲಿ, ಗುಡಿಬಂಡೆ, ಮುಳಬಾಗಿಲು ಕಡೆಯೋರಿಗೂ ಇದು ಗೊತ್ತಿರುತ್ತೆ. ನನ್ನ ಲೆಕ್ಕದಲ್ಲಿ ನಮ್ಮ ತಾಲ್ಲೂಕಿನ ಮನೆಗಳಿಗೆ ಬಂದ ಅತಿ ದೊಡ್ಡ ಮಿಷನ್ನು ಅದು, ಮನೆ ಒಳಗಿಲ್ಲ ಬೀದೀಲಿದೆ ಅಷ್ಟೇ.

ಇನ್ನೊಂದು. ಬಂಗಾರಪೇಟೆ ಅಣ್ಣ ಹೇಳಿದ್ರಲ್ಲ ಗಣಿ ಬೆಳಕು ನೋಡ್ಕೊಂಡು ಬುಡ್ಡಿ ಹಚ್ತಿದ್ರು ಅಂತ. ಈಗ ನಮ್ಮ ತಿರುಮಣಿ ಸುತ್ತ 13 ಸಾವಿರ ಎಕರೇಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ಎಕರೆಗೆ ವರ್ಷಕ್ಕೆ 21 ಸಾವಿರ ಅಂತ ಶುರುವಾದ ಬಾಡಿಗೆ ದುಡ್ಡು ಜಮೀನು ಇದ್ದೋರಿಗೆ ಬರುತ್ತೆ. ಜಮೀನು ಇಲ್ದೇ ಕೂಲಿಗೆ ಹೋಗ್ತಿದ್ದ ಹೆಂಗಸರಿಗೆ ಕೂಲಿನೂ ಹೋಯ್ತು, ಹೊಲದ ಬದೂಲಿ ಸಿಗ್ತಿದ್ದ ಸೌದೆನೂ ಹೋಯ್ತು. ಸೌದೆ ಹೋದ ಮನೆಗೆ ಗ್ಯಾಸ್ ತುಂಬ್ಸೋಕೆ ದುಡ್ಡು ಬೇಕಲ್ಲ, ಅದನ್ನೂ ಸಾಲಲ್ಲಿ ಸೇರಿಸ್ಕೊಳ್ಳಿ ಅಕ್ಕ.

ಕುಣಿಗಲ್ ಕಡೆಯೋನು

ಸೌದೆ ಮಾತು ಬಂತು, ನಮ್ಮ ತಾಲ್ಲೂಕಿನ ಕತೆ ಹೇಳ್ಲೇಬೇಕು, ಯಾಕಂದ್ರೆ ನಮ್ಮ ಕಡೆ ಒಲೆನೇ ಒಂದು ಹೊಸ ಮಿಷನ್ನಾಗಿ ಬಂತು. ಬೆಂಗಳೂರಿನ ಐಐಎಸ್ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಅಸ್ತ್ರ ಅಂತ ಶುರು ಮಾಡಿದ್ರು, ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡೋಕೆ. ಅವರ ಕೇಂದ್ರ ಇದ್ದಿದ್ದು ನಮ್ಮ ತಾಲ್ಲೂಕಿನ ಉಂಗ್ರ ಅನ್ನೋ ಹಳ್ಳೀಲಿ. ಮೊದಲು ಬಂದು ಮಾಡಿದ್ದು ಲೆಕ್ಕ, ಸುತ್ತಲ ಊರುಗಳಲ್ಲಿ ಯಾರು ಎಷ್ಟು ಸೌದೆ ಉರಿಸ್ತಾರೆ, ತರೋಕೆ ಎಷ್ಟು ಹೊತ್ತು ಹೋಗುತ್ತೆ, ನೀರಿಗೆ ಎಷ್ಟು ಹೊತ್ತು ಅಂತ ಮನೆ ಮನೆಗೆ ಹೋಗಿ ಬರ್ಕೊಂಡ್ರು. ಹಳ್ಳೀಲಿ ಖರ್ಚಾಗೋ ಶಕ್ತೀಲಿ ಮುಕ್ಕಾಲಿಗಿಂತ ಜಾಸ್ತಿ ಸೌದೆನೇ, ಅದೂ ಅಡುಗೆಗೆ ಅಂತ ಗೊತ್ತಾಗಿದ್ದು ಆಗ.

ಆಮೇಲೆ ಅಸ್ತ್ರ ಒಲೆ. ಮೂರು ಬಾಯಿ, ಒಂದೇ ಕಡೆ ಉರಿ. ಮೊದಲ ಬಾಯಿ ಮೇಲೆ ಮುದ್ದೆಗೆ ಎಸರು, ಎರಡನೇದರ ಮೇಲೆ ಸಾರು, ಮೂರನೇದರ ಮೇಲೆ ನೀರು ತಾನಾಗೇ ಕಾಯುತ್ತೆ, ಹೊಗೆ ಪೈಪಲ್ಲಿ ಸೂರಿನ ಮೇಲಕ್ಕೆ ಹೋಗುತ್ತೆ. ಕೆಳಗೆ ಕಬ್ಬಿಣದ ಜಾಲರಿ ಇರುತ್ತೆ, ಅದರ ಕೆಳಗಿಂದ ಗಾಳಿ ಎಳ್ಕೊಳುತ್ತೆ, ಊದೋ ಕೆಲಸನೇ ಇಲ್ಲ. ನಮ್ಮ ಚಿಕ್ಕಪ್ಪ ಈ ಒಲೆ ಕಟ್ಟೋದು ಕಲ್ತು ಎಷ್ಟೋ ಊರಲ್ಲಿ ಕಟ್ಟಿದ್ರು, ಸೌದೆ ಅರ್ಧದ ಹತ್ರ ಉಳಿಯೋದು ಅಂತ ಹೆಂಗಸರು ಹೇಳೋರು. ತೊಂದರೆನೂ ಇತ್ತು. ಸೌದೆನ ಸಣ್ಣಗೆ ಸೀಳಿ ಹಾಕಬೇಕು, ದೊಡ್ಡ ಕೊರಡು ತುರುಕಿದ್ರೆ ಆಗಲ್ಲ, ಸೀಳೋ ಕೆಲಸನೂ ಹೆಂಗಸರ ತಲೆ ಮೇಲೇ ಬಂತು. ಮುದ್ದೆ ತೊಳಸುವಾಗ ಕೋಲಲ್ಲಿ ಬಲ ಹಾಕ್ತೀವಲ್ಲ, ಪಾತ್ರೆ ಬಿಗಿಯಾಗಿ ಕೂರದೇ ಇದ್ರೆ ಬಾಯಿ ಅಂಚು ಬಿರುಕು ಬಿಡೋದು. ಪೈಪಲ್ಲಿ ಮಸಿ ಕಟ್ಟಿದ್ರೆ ಹೊಗೆ ವಾಪಸ್ ಬರೋದು. ಇವನ್ನೆಲ್ಲ ನಮ್ಮ ಹೆಂಗಸರೇ ಹೇಳಿ ಹೇಳಿ ಚಿಕ್ಕಪ್ಪನ ಕೈಲಿ ತಿದ್ದಿಸಿದ್ರು.

ಪುರ ಅಂತ ಅಲ್ಲೇ ಹತ್ತಿರದ ಸಣ್ಣ ಊರು. ಅಲ್ಲಿ ಊರಿಗೆಲ್ಲ ಸೇರಿ ಗೋಬರ್ ಗ್ಯಾಸ್ ಮಾಡಿದ್ರು. ಮೊದಲು ಅಡುಗೆಗೆ ಗ್ಯಾಸ್ ಕೊಡೋಣ ಅಂತ ಇತ್ತು, ಊರಲ್ಲಿರೋ ದನದ ಸಗಣಿ ಅಷ್ಟು ಅಡುಗೆಗೆ ಸಾಲಲ್ಲ ಅಂತ ಆಯ್ತು. ಆಮೇಲೆ ಅದೇ ಗ್ಯಾಸಲ್ಲಿ ಎಂಜಿನ್ ಓಡ್ಸಿ 1987ರಿಂದ ಮನೆಗಳಿಗೆ ಲೈಟು, ಬೋರಿಂದ ನಲ್ಲಿ ನೀರು. ಪ್ರತಿ ಮನೆಯೋರು ಬೆಳಗ್ಗೆ ಸಗಣಿ ತಂದು ತೂಕ ಹಾಕಿಸೋರು, ಅದಕ್ಕೆ ದುಡ್ಡು ಕೊಡೋರು, ಗ್ಯಾಸ್ ಹೋದ ಮೇಲೆ ಉಳಿದ ಬಗ್ಗಡ ಒಣಗಿಸಿ ಅವರವರ ಪಾಲು ಗೊಬ್ಬರ ವಾಪಸ್ ಕೊಡೋರು. ಸಗಣಿ ತೂಗಿಸೋಕೆ ಬರ್ತಿದ್ದಿದ್ದು ಜಾಸ್ತಿ ಹೆಂಗಸರು ಮಕ್ಕಳು, ದುಡ್ಡು ಅವರ ಕೈಗೆ. ಅಲ್ಲಿ ನಲ್ಲಿ ಮತ್ತೆ ಲೈಟು ಒಟ್ಟಿಗೆ ಬಂತು ನೋಡಿ, ಟಿವಿಗಿಂತ ಮೊದಲು. ಕೂತು ಮಾತಾಡಿ ತೀರ್ಮಾನ ಮಾಡಿದ್ರೆ ಸಾಲು ಬದಲಾಗುತ್ತೆ ಅನ್ನೋಕೆ ನಮ್ಮ ತಾಲ್ಲೂಕೇ ಸಾಕ್ಷಿ.

ಗೌರಿಬಿದನೂರು 2000 ಬ್ಯಾಚ್

ನಾನು ಇಲ್ಲಿ ಎಲ್ರಿಗಿಂತ ಚಿಕ್ಕವಳು. ಒಂದು ಕೇಳ್ಲಾ? ಇಷ್ಟೆಲ್ಲ ಬಂತು, ಬೀಸೋದು ನಿಂತು, ರುಬ್ಬೋದು ನಿಂತು, ನೀರು ನಲ್ಲೀಲಿ ಬಂತು. ಆ ಉಳಿದ ಟೈಮ್ ಎಲ್ಲಿ ಹೋಯ್ತು? ನಮ್ಮಮ್ಮ ಬೆಳಗ್ಗೆ ನಾಲ್ಕೂವರೆಗೇ ಏಳ್ತಾರೆ ಈಗಲೂ. ಮಿಕ್ಸಿ, ಗ್ಯಾಸ್, ವಾಷಿಂಗ್ ಮೆಷಿನ್ ಎಲ್ಲಾ ಇದೆ, ಎಲ್ಲಾನೂ ಮುಗಿಸಿ ಆರೂವರೆಗೆ ಗಾರ್ಮೆಂಟ್ಸ್ ಬಸ್ ಹತ್ತಬೇಕು. ಅಜ್ಜಿ ಹೇಳುತ್ತೆ, ನಾವು ಬೀಸೋಕೆ ಎದ್ದೇಳ್ತಿದ್ದಿದ್ದೂ ಅದೇ ಹೊತ್ತಿಗೆ ಅಂತ.

ಚಿಂತಾಮಣಿ

ಇಲ್ಲಿ ನರಸಾಪುರ, ವೇಮಗಲ್ ಫ್ಯಾಕ್ಟರಿಗಳಿಗೆ ಹೋಗೋ ಹುಡುಗೀರದ್ದೂ ಇದೇ ಕತೆ ಮಗಳೇ. ಆದ್ರೆ ಒಂದು ವ್ಯತ್ಯಾಸ ಇದೆ, ಅದನ್ನ ಕಡಿಮೆ ಅಂತ ತಿಳ್ಕೋಬೇಡ. ಬೀಸಿದ್ದಕ್ಕೆ ನಿಮ್ಮಜ್ಜಿಗೆ ಯಾರೂ ಸಂಬಳ ಕೊಡಲಿಲ್ಲ. ನಿಮ್ಮಮ್ಮನ ಅಕೌಂಟಿಗೆ ಬರುತ್ತೆ. ನಿಮ್ಮನೆ ವಾಷಿಂಗ್ ಮೆಷಿನ್ ಯಾರ ದುಡ್ಡಲ್ಲಿ ಬಂತು ಕೇಳು.

ಗೌರಿಬಿದನೂರು 2000 ಬ್ಯಾಚ್

ಅಮ್ಮಂದೇ. ಕಂತಲ್ಲಿ. ಬೈಕಿಗಿಂತ ಮೊದಲು ಬಂತು ಅದು, ಈಗ ಹೊಳೀತು.

ಹಳೇ ಲೈನ್‌ಮನ್

ಈ ಮಾತು ನಿಜ. ಸ್ತ್ರೀಶಕ್ತಿ ಸಂಘಗಳು 2000ದ ಹೊತ್ತಿಗೆ ಶುರುವಾದ್ಮೇಲೆ ನಾನು ಸರ್ವಿಸ್ಸಲ್ಲಿ ಕಣ್ಣಾರೆ ನೋಡಿದೀನಿ, ಸಂಘದ ಸಾಲ ಸಿಕ್ಕಿದ ಊರಲ್ಲಿ ಅಡುಗೆಮನೆಗೆ ಪ್ಲಗ್ ಪಾಯಿಂಟ್ ಹಾಕ್ಕೊಡಿ ಅಂತ ಕೇಳೋರು ಜಾಸ್ತಿ ಆದ್ರು. ಅದಕ್ಕೆ ಮುಂಚೆ ವೈರಿಂಗ್ ಮಾಡೋ ಮನೇಲಿ ಪ್ಲಗ್ ಪಾಯಿಂಟ್ ಅಂದ್ರೆ ನಡುಮನೇಲಿ ಟಿವಿ ಸ್ಟ್ಯಾಂಡ್ ಹತ್ರ. 2016ರಲ್ಲಿ ಉಜ್ವಲ ಬಂದಾಗ ಗ್ಯಾಸ್ ಕನೆಕ್ಷನ್ ಹೆಂಗಸಿನ ಹೆಸರಿಗೇ ಅಂತ ಮಾಡಿದ್ದೂ, 2023ರಲ್ಲಿ ಗೃಹಲಕ್ಷ್ಮಿ 2000 ರೂಪಾಯಿ ಅವರ ಖಾತೆಗೇ ಅಂತ ಮಾಡಿದ್ದೂ, ಪಾರ್ಟಿ ಯಾವುದಾದ್ರೂ ಇರ್ಲಿ, ಸರಿಯಾದ ಜಾಗಕ್ಕೆ ಕೈ ಹಾಕಿದ್ದು. ನಮ್ಮ ಬೀದೀಲೇ ಆ ದುಡ್ಡು ಕೂಡಿಟ್ಟು ಫ್ರಿಜ್ ತಂದೋರಿದ್ದಾರೆ. ಗೃಹಜ್ಯೋತೀಲಿ ಮನೆಯ ಸರಾಸರಿ ಬಳಕೆ ಲೆಕ್ಕದಲ್ಲಿ, 200 ಯೂನಿಟ್ ಮೀರದಂಗೆ, ಬಿಲ್ಲಿಲ್ಲ ಅಂದ ಮೇಲೆ ಫ್ರಿಜ್ ಆರಿಸಿ ಆರಿಸಿ ಹಾಕೋದೂ ನಿಂತಿದೆ. ಆರಿಸಬಾರದು ಅದನ್ನ, ಒಳಗಿನ ಸಾಮಾನು ಕೆಡುತ್ತೆ.

ಪಾವಗಡ

ಸಿಲಿಂಡರ್ ಕೊಟ್ಟಿದ್ದು ಸರಿ, ಎರಡನೇ ಸಲ ತುಂಬ್ಸೋ ದುಡ್ಡಿಗೆ ಏನು ಮಾಡೋದು? ತುಮಕೂರು ಜಿಲ್ಲೇಲಿ 2013ರಲ್ಲೇ ಸಬ್ಸಿಡಿ ಬ್ಯಾಂಕಿಗೆ ಹಾಕೋದು ಶುರು ಮಾಡಿದ್ರು, ದೇಶದಲ್ಲೇ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಸಬ್ಸಿಡಿ ಆಮೇಲೆ ಬರುತ್ತೆ, ಪೂರ್ತಿ ದುಡ್ಡು ಮೊದಲು ಕೊಡಬೇಕು. ದಿನಗೂಲಿ ಮನೇಲಿ ಅಷ್ಟು ಒಟ್ಟಿಗೆ ಎಲ್ಲಿರುತ್ತೆ? ಹಂಗಾಗಿ ನೆಂಟರು ಬಂದ್ರೆ ಗ್ಯಾಸು, ದಿನಾ ಸೌದೆ. ಗ್ಯಾಸ್ ಇದೆ ಅಂತ ರೇಷನ್ ಕಾರ್ಡಲ್ಲಿ ಸೀಮೆಎಣ್ಣೆನೂ ಕಟ್ ಮಾಡಿದ್ರು.

ತಿಪಟೂರು ತೆಂಗು

ನಮ್ಮ ಕಡೆ ಅಡುಗೆ ಗ್ಯಾಸಲ್ಲೇ, ಆದ್ರೆ ಸ್ನಾನದ ನೀರು ಮಾತ್ರ ಇವತ್ತಿಗೂ ಬಚ್ಚಲು ಹಂಡೆ ಒಲೇಲಿ. ತೋಟ ಇದ್ದೋರಿಗೆ ಸೋಗೆ, ಮಟ್ಟೆ, ಚಿಪ್ಪು ಬಿದ್ದಿರುತ್ತೆ, ಸುಮ್ನೆ ಕೊಳೆಯೋಕೆ ಬಿಡೋಕಾಗುತ್ತಾ. ತೊಂದರೆ ಏನಂದ್ರೆ ಅಡುಗೆಮನೇಲಿದ್ದ ಹೊಗೆ ಈಗ ಬಚ್ಚಲುಮನೆಗೆ ಬಂದು ಕೂತಿದೆ, ಒಲೆ ಹಚ್ಚೋದು ಇನ್ನೂ ನಮ್ಮ ಅತ್ತಿಗೆನೇ, ಅವರಿಗೆ ಕೆಮ್ಮು. ಸೋಲಾರ್ ಹಾಕ್ಸೋಣ ಅಂದ್ರೆ ಅಣ್ಣ ಸೌದೆ ಬಿಟ್ಟಿ ಸಿಗೋವಾಗ ಯಾಕೆ ಅಂತಾನೆ. @ಕುಣಿಗಲ್ ಕಡೆಯೋನು ಅಣ್ಣ, ಆ ಅಸ್ತ್ರ ಒಲೆ ಥರ ಹಂಡೆಗೂ ಪೈಪ್ ಹಾಕಿ ಮಾಡೋಕಾಗುತ್ತಾ?

ಕುಣಿಗಲ್ ಕಡೆಯೋನು

ಆಗುತ್ತೆ, ಚಿಕ್ಕಪ್ಪನ್ನೇ ಕೇಳ್ದೆ. ಹಂಡೆ ಕೂರೋ ಜಾಗದ ಸುತ್ತ ಸಂದು ಬಿಡದೇ ಮಣ್ಣು ಮೆತ್ತಬೇಕು, ಸಂದಿದ್ರೆ ಹೊಗೆ ಅಲ್ಲಿಂದಲೇ ಬರುತ್ತೆ. ಉರಿ ಹಂಡೆ ತಳ ಸುತ್ತಿ ಹಿಂದಕ್ಕೆ ಹೋಗೋ ಹಂಗೆ ದಾರಿ ಬಿಟ್ಟು, ಹಿಂದುಗಡೆ ಪೈಪ್ ಕೂರಿಸಿ, ಪೈಪ್ ತುದಿ ಸೂರಿಗಿಂತ ಮೇಲಿರಬೇಕು, ಇಲ್ದಿದ್ರೆ ಗಾಳಿಗೆ ಹೊಗೆ ಒಳಗೇ ನುಗ್ಗುತ್ತೆ. ಕೆಳಗೆ ಜಾಲರಿ ಹಾಕಿ ಬೂದಿಗೆ ಬೇರೆ ಕಿಂಡಿ. ಚಿಪ್ಪು ಹಾಕೋರು ಪೈಪ್‌ನ ಆಗಾಗ ಕ್ಲೀನ್ ಮಾಡಬೇಕು, ಅದರ ಮಸಿ ಜಿಡ್ಡು ಜಾಸ್ತಿ. ಪೈಪ್ ಕ್ಲೀನ್ ಮಾಡೋದು ನಿಮ್ಮಣ್ಣನ ಕೆಲಸ ಅಂತ ಮೊದಲೇ ಮಾತಾಡ್ಕೊಳ್ಳಿ. ಚಿಕ್ಕಪ್ಪ ತುಮಕೂರಿಗೆ ಬರೋದಿದೆ ಮುಂದಿನ ವಾರ, ತಿಪಟೂರಿಗೂ ಬಂದು ನೋಡ್ತೀನಿ ಅಂದ್ರು, ಹಂಡೆ ಅಳತೆ ನಂಗೆ ಮೆಸೇಜ್ ಮಾಡಿ.